ಏಳನೇ ಅಂಗಡಿಯ ಕಲ್ಲು

ನನ್ನ ಮಾವನವರಿಗೆ ಕಿವಿ ಕೇಳುವುದಿಲ್ಲ ಎಂಬ ಸುದ್ದಿ ಈಗ ಶಹಾಬಾದಿನ ಯಾವ ಚಹಾದಂಗಡಿಗೆ ಹೋದರೂ ಸಿಗುತ್ತದೆ. ಒಂಬತ್ತು ವರ್ಷ ಅದು ಯಾರ ಬಾಯಿಗೂ ಬಿದ್ದಿರಲಿಲ್ಲ. ಈಗ ಪ್ರತಿಯೊಬ್ಬರೂ "ನಮಗ ಮೊದಲೇ ಅನುಮಾನ ಇತ್ತು" ಅನ್ನುತ್ತಾರಂತೆ. ಅವರ ತಲೆ. ಒಬ್ಬರಿಗೂ ಅನುಮಾನ ಇರಲಿಲ್ಲ. ಬರದ ಹಾಗೆ ನೋಡಿಕೊಂಡವಳು ನಾನು. ನನಗಿಂತ ಮೊದಲು ನಮ್ಮತ್ತೆ ಪೀರಮ್ಮ.

ಮಾವ ಅಮೃತಪ್ಪ ಕಲ್ಲು ಬಡಿದು ನೋಡುವವರು. ನಮ್ಮ ಊರಿನ ನೆಲ ಎಲ್ಲಿ ಅಗೆದರೂ ಫರ್ಸಿ ಕಲ್ಲು. ಖಣಿಯಲ್ಲಿ ಅದು ಪದರು ಪದರಾಗಿ ಏಳುತ್ತದೆ. ಮೇಲೆ ನುಣ್ಣಗೆ ಕಾಣುವ ಕಲ್ಲಿನ ಹೊಟ್ಟೆಯಲ್ಲಿ ಬಿರುಕು ಇರಬಹುದು, ಅದು ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ಬಡಿದರೆ ಮಾತ್ರ ತಿಳಿಯುತ್ತದೆ. ಒಳ್ಳೆಯ ಕಲ್ಲು ಖಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಒಡೆದ ಗಡಿಗೆಯ ಹಾಗೆ ಬೊದ್ ಎನ್ನುತ್ತದೆ. ಒಳ್ಳೆಯದಕ್ಕೆ ಮಾವ ಸೀಮೆಸುಣ್ಣದಲ್ಲಿ ದುಂಡಗೆ ಗೆರೆ ಎಳೆಯುತ್ತಿದ್ದರು, ಕೆಟ್ಟದ್ದಕ್ಕೆ ಕತ್ತರಿ ಗುರುತು. ಮನೆಯ ಮಾಳಿಗೆಗೆ, ಬಾಗಿಲ ಮೇಲಿನ ತೊಲೆಗೆ, ಬಾವಿಯ ಕಟ್ಟೆಗೆ ಅವರ ದುಂಡು ಗುರುತು ಬಿದ್ದ ಮೇಲೆ ಮತ್ತೊಬ್ಬರು ಆ ಕಲ್ಲನ್ನು ಮುಟ್ಟಿ ನೋಡುತ್ತಿರಲಿಲ್ಲ. ನಲವತ್ತು ವರ್ಷ ಹೀಗೇ ನಡೆಯಿತು.

ಇನ್ನೊಂದು ರೂಢಿಯಿತ್ತು. ಊರಲ್ಲಿ ಯಾರನ್ನು ಮಣ್ಣು ಮಾಡಬೇಕಾದರೂ, ಲಿಂಗಾಯತರಿರಲಿ, ಮುಸಲ್ಮಾನರಿರಲಿ, ಗುಂಡಿಗೆ ಅಡ್ಡ ಹಾಕುವ ಕಲ್ಲಿಗೆ ನಮ್ಮ ಅಂಗಳಕ್ಕೇ ಬರುತ್ತಿದ್ದರು. ಅವನ್ನು ಮಾವ ಮಾರುತ್ತಿರಲಿಲ್ಲ, ಆರಿಸಿ ಕೊಡುತ್ತಿದ್ದರು. ಮೇಲೆ ಮಣ್ಣು ಎಳೆಯುವಾಗ ಕಲ್ಲು ಮುರಿದು ಸತ್ತವರ ಎದೆಯ ಮೇಲೆ ಬಿದ್ದರೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ ಎನ್ನುತ್ತಿದ್ದರು.

ಖಣಿಯ ಸಿಡಿಮದ್ದು ಮತ್ತು ಪಾಲಿಶ್ ಯಂತ್ರಗಳ ನಡುವೆ ಅಷ್ಟು ವರ್ಷ ಕಳೆದವರ ಕಿವಿ ಉಳಿದೀತೇ? ಮೊದಲು ಬಲಗಿವಿ ಹೋಯಿತು, ಎರಡೇ ವರ್ಷಕ್ಕೆ ಎಡಗಿವಿಯೂ ಹೋಯಿತು. ಅತ್ತೆ ಗಾಬರಿಯಾದರು. ಕಿವುಡ ಕಲ್ಲು ಬಡಿದರೆ ಊರು ನಗುತ್ತದೆ, ನಗುವುದಿರಲಿ, ಕರೆಯುವುದನ್ನೇ ಬಿಡುತ್ತದೆ. ಆಗ ಅವರೇ ಒಂದು ದಾರಿ ಹುಡುಕಿದರು. ಮಾವ ಬಡಿಯುವಾಗ ನೀರಿನ ತಂಬಿಗೆ, ಸೀಮೆಸುಣ್ಣದ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವುದು. ಕಲ್ಲು ಖಣ್ ಎಂದರೆ ತಲೆಯ ಮೇಲಿನ ಸೆರಗನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಳ್ಳುವುದು. ಬೊದ್ ಎಂದರೆ ಸುಮ್ಮನೆ ನಿಲ್ಲುವುದು. ಅಷ್ಟೇ. ಹೆಂಗಸು ಸೆರಗು ಸರಿಮಾಡಿಕೊಂಡರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ನಾಲ್ಕು ವರ್ಷ ಅತ್ತೆ ಹಾಗೆ ನಿಂತರು. ಮಾವನದು ಮೊದಲೇ ಮಾತು ಕಡಿಮೆ; ಯಾರಾದರೂ ಏನಾದರೂ ಕೇಳಿದರೆ ಅವರು ತಲೆಯಾಡಿಸುತ್ತಿದ್ದರು, ಉತ್ತರ ಅತ್ತೆ ಕೊಡುತ್ತಿದ್ದರು. ಸಾಯುವ ಮುಂದೆ ನನ್ನ ಕೈ ಹಿಡಿದು, "ದೇವಿಕಾ, ಅಡಗಿ ತಪ್ಪಿದ್ರ ತಪ್ಪಲಿ, ಇದು ತಪ್ಪಬಾರದು ನೋಡು. ಅವರ ಕಿವಿ ನಿನ್ನ ಕೈಯಾಗ ಕೊಟ್ಟೀನಿ" ಅಂದರು. ನಮ್ಮದು ಸೊಸೆ ಮಾವನ ಎದುರು ಮುಖವೆತ್ತಿ ನಿಲ್ಲುವ ಮನೆಯಲ್ಲ. ಆದರೂ ದಿನಕ್ಕೆ ನೂರು ಸಲ ಮಾವ ನನ್ನ ಕಡೆ ನೋಡಬೇಕು, ನಾನು ಸೆರಗು ಎಳೆದುಕೊಳ್ಳಬೇಕು. ಮಂದಿ ಅದನ್ನೇ ಮರ್ಯಾದೆ ಎಂದುಕೊಂಡು, "ಸೊಸಿ ಸಿಕ್ಕರ ಹಿಂಗ ಸಿಗಬೇಕು" ಎಂದು ತಮ್ಮ ಸೊಸೆಯರಿಗೆ ನನ್ನನ್ನು ತೋರಿಸುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಗಂಡ ಅಶೋಕಕುಮಾರ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಾನೆ. ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ, "ನಿನಗೇನು, ನಿಲ್ಲೂದಷ್ಟೇ ಹೌದಿಲ್ಲೋ" ಎನ್ನುತ್ತಿದ್ದ. ಬಿಸಿಲಲ್ಲಿ ಬೇರೆಯವರ ಕಿವಿಯಾಗಿ ಐದು ವರ್ಷ ನಿಂತವಳಿಗೆ ಆ 'ನಿಲ್ಲೂದಷ್ಟೇ' ಹೇಗೆ ಕೇಳಿಸುತ್ತದೆ ಎಂದು ಅವನಿಗೆ ತಿಳಿಯುವ ಹಾಗಿರಲಿಲ್ಲ.

ಅಂಥ ಹೊತ್ತಿನಲ್ಲಿ ದೊಡ್ಡ ಕೋಠಿಯ ಕೆಲಸ ಶುರುವಾಯಿತು.

ದೊಡ್ಡ ಕೋಠಿ ರೈಲು ನಿಲ್ದಾಣದ ಹತ್ತಿರ ಇದೆ. ನಿಜಾಮರ ಕಾಲದಲ್ಲಿ ಹತ್ತಿಯ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಎರಡು ಅಂತಸ್ತು, ಎರಡಾಳೆತ್ತರದ ಕಲ್ಲಿನ ಕಂಬಗಳು, ಕಂಬದಿಂದ ಕಂಬಕ್ಕೆ ತೊಲೆ, ತೊಲೆಯ ಮೇಲೆ ಉದ್ದುದ್ದ ಫರ್ಸಿ ಹಾಸು. ಸೇಡಂ, ಚಿತ್ತಾಪುರ, ಚಿಂಚೋಳಿಯ ಕಡೆಯಿಂದ ಬಂದ ಹತ್ತಿಯ ಅಂಡಿಗೆ, ತೊಗರಿಯ ಚೀಲ ಎಲ್ಲ ಇಲ್ಲಿ ಇಳಿದು ರೈಲು ಹತ್ತುತ್ತಿದ್ದವಂತೆ. ವ್ಯಾಪಾರ ನಿಂತು ಮೂವತ್ತು ವರ್ಷ. ಆಮೇಲೆ ಅಲ್ಲಿ ಪಾರಿವಾಳ ಮತ್ತು ಇಸ್ಪೀಟು ಆಡುವವರು ಬಿಟ್ಟರೆ ಯಾರೂ ಇರಲಿಲ್ಲ.

ಅದನ್ನು ಮತ್ತೆ ಎಬ್ಬಿಸಲು ಹೊರಟವರು ಗುರುಲಿಂಗಯ್ಯನವರು. ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಕೋಠಿಯನ್ನು ನೋಡಿಕೊಳ್ಳುವ ಟ್ರಸ್ಟಿನ ಅಧ್ಯಕ್ಷರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಅವರು ಕನಸು ಕಂಡದ್ದು ಸುಳ್ಳಲ್ಲ. ಕೆಳಗೆ ಬೀದಿಗೆ ಮುಖ ಮಾಡಿ ಹೆಂಗಸರಿಗೆ ಎಂಟು ಅಂಗಡಿ, ಹಿಂದೆ ಮದುವೆ-ಸಭೆಗೆ ಹಾಲ್, ಅಂಗಳದಲ್ಲಿ ವಾರದ ಕಾಯಿಪಲ್ಲೆ ಸಂತೆ, ಮೇಲೆ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರಿಗೆ ವಾಚನಾಲಯ, ಮುದುಕರಿಗೆ ಕುಂತು ಪೇಪರ್ ಓದಲು ಒಂದು ಪಡಸಾಲೆ. "ಇಲ್ಲಿನ ಕಾರ್ಖಾನಿ ಮುಚ್ಚಿದ ಮ್ಯಾಲ ಈ ಊರಿನ ಮಂದಿಗಿ ಕೂಡಿ ಕುಂದರಲಿಕ್ಕ ಒಂದು ಜಾಗಾ ಇಲ್ಲದಂಗ ಆಗ್ಯದ್ರಿ. ಕೋಠಿ ತೆರೀತದ, ಊರು ಒಂದ ಕಡಿ ಕೂಡತದ" ಎಂದು ಮನೆಮನೆಗೆ ಹೋಗಿ ಹೇಳಿದರು.

ಕಲಬುರಗಿಯಿಂದ ಬಂದ ಎಂಜಿನಿಯರ್ ಹಳೆಯ ಕಲ್ಲನ್ನೆಲ್ಲ ಯಂತ್ರವಿಟ್ಟು ಪರೀಕ್ಷೆ ಮಾಡಿಸಬೇಕು ಎಂದಿದ್ದನಂತೆ. ಗುರುಲಿಂಗಯ್ಯನವರು ನಕ್ಕು, "ನಮ್ಮೂರಾಗ ಅಮೃತಪ್ಪನ ಕಿವಿ ಅದಪ್ಪಾ, ಯಂತ್ರ ಯಾಕ ಬೇಕು?" ಎಂದರು. ಎಂಜಿನಿಯರ್ ಕೂಡ ನಕ್ಕು ಸುಮ್ಮನಾದ. ಊರೆಲ್ಲ ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಾಡಿತು. ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ.

ಎಂಟು ಅಂಗಡಿಗೆ ಮೂವತ್ತು ಜೋಡಿ ಹೆಂಗಸರು ಹೆಸರು ಕೊಟ್ಟಿದ್ದೆವು. ಇಬ್ಬಿಬ್ಬರಿಗೆ ಒಂದು ಅಂಗಡಿ ಎಂದು ನಿಯಮ. ನನ್ನ ಜೋಡಿ ನಗ್ಮಾ. ಅವಳು ಮಜೀದಸಾಬರ ಮಗಳು. ಮಜೀದಸಾಬರು ಇದೇ ಕೋಠಿಯಲ್ಲಿ ಹಮಾಲಿ ಮಾಡಿ ಬೆನ್ನು ಬಾಗಿಸಿಕೊಂಡವರು. ಮದುವೆಯಾಗಿ ಚಿತ್ತಾಪುರಕ್ಕೆ ಹೋದ ನಗ್ಮಾ ಎರಡು ವರ್ಷಕ್ಕೆ ತಲಾಖ್ ಆಗಿ ಒಂದು ಹೊಲಿಗೆ ಯಂತ್ರದ ಜೊತೆ ವಾಪಸು ಬಂದಿದ್ದಳು. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ನನಗೆ ಜಂಪರ್ ಕತ್ತರಿಸುವುದನ್ನು ಕಲಿಸಿದವಳು ಅವಳೇ. ಚೀಟಿ ಎತ್ತಿದಾಗ ನಮಗೆ ಏಳನೇ ಅಂಗಡಿ ಬಂತು. ಅಷ್ಟು ಮಂದಿಯ ನಡುವೆ ನಗ್ಮಾ ನನ್ನನ್ನು ಎತ್ತಿ ತಿರುಗಿಸಿಬಿಟ್ಟಳು.

"ಅಕ್ಕಾ, ಬೋರ್ಡಿನ ಮ್ಯಾಲ ನಿನ್ನ ಹೆಸರು ಮೊದಲ ಇರಲಿ. ನಂದು ಎರಡಕ್ಷರ, ಹಿಂದ ಎಲ್ಲ್ಯರ ಹಿಡಸ್ತದ" ಎಂದಳು.

ಬೋರ್ಡಿನ ಮೇಲೆ ನನ್ನ ಹೆಸರು. ಅಮೃತಪ್ಪನ ಸೊಸೆ ಅಲ್ಲ, ಅಶೋಕನ ಹೆಂಡತಿ ಅಲ್ಲ. ಆ ರಾತ್ರಿ ಊಟ ರುಚಿಸಲಿಲ್ಲ. ಅದು ಸಂತೋಷಕ್ಕೆ.

ಏಪ್ರಿಲ್ ತಿಂಗಳು ಮಾವ ಕೆಳಗಂತಸ್ತಿನ ಕಲ್ಲು ಬಡಿಯಲು ಶುರು ಮಾಡಿದರು. ಸಾರವೆ ಕಟ್ಟಿದ್ದರು. ಮಾವ ಮೇಲೆ ಕುಂತು ತಲೆಯ ಮೇಲಿನ ಹಾಸುಗಲ್ಲು ಬಡಿಯುವುದು, ನಾನು ಕೆಳಗೆ ತಂಬಿಗೆ ಹಿಡಿದು ನಿಲ್ಲುವುದು. ಹಾಲ್ ಮುಗಿಯಿತು, ಪಡಸಾಲೆ ಮುಗಿಯಿತು. ಹನ್ನೊಂದು ಕಲ್ಲಿಗೆ ಕತ್ತರಿ ಗುರುತು ಬಿತ್ತು. ಅವನ್ನೆಲ್ಲ ಇಳಿಸಿ ಬೇರೆ ಹಾಕಿದರು. ಅಂಗಡಿಗಳ ಸಾಲಿಗೆ ಬರುವಷ್ಟರಲ್ಲಿ ಒಂದು ಸಂಜೆ ಗಾಳಿ ಎದ್ದು ಅಕಾಲದ ಮಳೆ ಸುರಿಯಿತು. ಮೇಲಂತಸ್ತಿನ ಹಳೆಯ ಸೂರನ್ನು ಆಗಲೇ ಕಿತ್ತು ಹಾಕಿದ್ದರು, ಹೊಸ ತಗಡು ಇನ್ನೂ ಬಂದಿರಲಿಲ್ಲ. ನೀರೆಲ್ಲ ನೇರವಾಗಿ ಅಂಗಡಿಗಳ ತಲೆಯ ಮೇಲಿನ ಕಲ್ಲಿಗೆ ಇಳಿಯಿತು.

ನೀರು ಕುಡಿದ ಕಲ್ಲು ಒಳ್ಳೆಯದಿದ್ದರೂ ಬೊದ್ ಎನ್ನುತ್ತದೆ. ಅದಕ್ಕೆ ಮಾವ ಮೂರು ಬಿಸಿಲು ಕಾಯುತ್ತಾರೆ. ಅವರು ನನಗೆ ಕಲಿಸಿದ ಇನ್ನೊಂದು ಮಾತೂ ಇದೆ: ಅಕ್ಕಪಕ್ಕದ ಕಲ್ಲೆಲ್ಲ ಒಣಗಿದ ಮೇಲೂ ಒಂದೇ ಕಲ್ಲು ಹಸಿಯಾಗಿ ಉಳಿದರೆ, ಅದರ ಹೊಟ್ಟೆಯಲ್ಲಿ ಬಿರುಕಿದೆ, ಬಿರುಕು ನೀರು ಹಿಡಿದುಕೊಂಡಿದೆ ಎಂದರ್ಥ. ಇದನ್ನು ನಾನು ಮರೆತಿರಲಿಲ್ಲ. ಮರೆತಿದ್ದೆ ಎಂದು ಹೇಳಿದರೆ ಈ ಕಥೆ ಹೇಳುವುದರಲ್ಲಿ ಅರ್ಥವೇ ಇಲ್ಲ.

ನಾಲ್ಕನೇ ದಿನ ಮುಂಜಾನೆ ಬಡಿಯಲು ಹೋದೆವು. ಬಸವ ಜಯಂತಿಗೆ ಆರು ದಿನ ಉಳಿದಿತ್ತು. ಅವತ್ತೇ ಅಂಗಡಿಗಳ ಬೀಗದಕೈ ಕೊಡುವುದು ಎಂದು ನಿಶ್ಚಯವಾಗಿತ್ತು. ಗುರುಲಿಂಗಯ್ಯನವರು ಎಲ್ಲರನ್ನೂ ಕೂಡಿಸಿ ಹೇಳಿದ್ದರು: "ಜಯಂತಿ ದಿವಸ ತಯಾರ ಇದ್ದ ಅಂಗಡಿ ಅಷ್ಟೇ ಕೊಡತೀವಿ. ತಯಾರ ಇರದಿದ್ದು ಮುಂದಿನ ವರ್ಷ. ಅದಕ್ಕ ಮತ್ತ ಹೊಸದಾಗಿ ಚೀಟಿ ಎತ್ತೋಣು." ನ್ಯಾಯವಾದ ಮಾತೇ. ಚೀಟಿ ಸಿಗದ ಇಪ್ಪತ್ತೆರಡು ಜೋಡಿ ಬಾಗಿಲಲ್ಲೇ ಕಾಯುತ್ತಿತ್ತು. ಇತ್ತ ನಗ್ಮಾಳ ಅಣ್ಣ ಅವಳಿಗೆ ತಾಂಡೂರಿನ ಕಡೆಯ ಒಬ್ಬ ಐವತ್ತರ ವಿಧುರನನ್ನು ನೋಡಿಟ್ಟಿದ್ದ. "ಅಂಗಡಿ ಸಿಕ್ಕರ ಇರು, ಇಲ್ಲಂದ್ರ ನಿಕಾಹ್" ಎಂದು ಖಡಾಖಂಡಿತ ಹೇಳಿದ್ದ.

ಮೊದಲನೆಯ ಅಂಗಡಿಯಿಂದ ಆರನೆಯದರ ತನಕ ಎಲ್ಲ ಕಲ್ಲೂ ಖಣ್ ಎಂದವು. ನನ್ನ ಕೈ ಸೆರಗಿಗೆ ಹೋಗಿ ಹೋಗಿ ಸೋತಿತ್ತು. ಏಳನೆಯ ಅಂಗಡಿಯಲ್ಲಿ ಐದು ಕಲ್ಲು. ನಾಲ್ಕು ಚೊಲೊ. ಕೊನೆಗೆ ಬಡಿದ ನಡುವಿನದು ಬೊದ್ ಎಂದಿತು.

ತಲೆಯೆತ್ತಿ ನೋಡಿದೆ. ಅಂಗೈ ಅಗಲ ಕಪ್ಪಗೆ ಹಸಿ ಇತ್ತು. ಸುತ್ತಲಿನ ಕಲ್ಲುಗಳೆಲ್ಲ ಒಣಗಿ ಬೂದಿಯ ಬಣ್ಣಕ್ಕೆ ತಿರುಗಿದ್ದವು.

ನಾನು ಸೆರಗಿಗೆ ಕೈ ಹಾಕಲಿಲ್ಲ. ಮಾವ ಇನ್ನೊಮ್ಮೆ ಬಡಿದು ನನ್ನ ಕಡೆ ನೋಡಿದರು. ಮಳೆಯ ಹಸಿ ಇರಬೇಕು, ಇನ್ನೆರಡು ದಿನಕ್ಕೆ ಒಣಗಿ ಖಣ್ ಎನ್ನುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಆ ಕಲ್ಲು ಇಳಿಸಬೇಕೆಂದರೆ ಅದರ ಮೇಲಿನ ಗೋಡೆಯ ಸಾಲು ಬಿಚ್ಚಬೇಕು, ಇಪ್ಪತ್ತು ದಿನದ ಕೆಲಸ. ಏಳನೇ ಅಂಗಡಿ ಹೋಯಿತು ಎಂದೇ ಲೆಕ್ಕ. ಬೀದಿಯ ಆಚೆಗೆ ನಗ್ಮಾ ಬಣ್ಣದ ಅಂಗಡಿಯವನ ಜೊತೆ ಬೋರ್ಡಿನ ಅಕ್ಷರದ ಬಗ್ಗೆ ಜಗಳಾಡುತ್ತಿದ್ದದ್ದು ಕೇಳುತ್ತಿತ್ತು. ಮಾವ ಮೂರನೆಯ ಸಲ ಬಡಿದರು. ಅವರ ಮಣಿಕಟ್ಟಿಗೆ ಏನಾದರೂ ತಿಳಿದಿರಬೇಕು. ಸುತ್ತಿಗೆಯನ್ನು ಕಲ್ಲಿಗೆ ಒತ್ತಿ ಹಿಡಿದು ನನ್ನನ್ನೇ ನೋಡುತ್ತ ಕುಂತರು.

ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ.

ಅವರು ಸೀಮೆಸುಣ್ಣ ತೆಗೆದು ದುಂಡಗೆ ಗೆರೆ ಎಳೆದರು. ಎಂದಿಗಿಂತ ಸಣ್ಣದಾಗಿ ಎಳೆದರು.

ಜಯಂತಿಯ ದಿನ ಕೋಠಿಯ ದೊಡ್ಡ ಬಾಗಿಲು ತೆರೆಯಿತು. ಊರೆಲ್ಲ ಬಂದಿತ್ತು. ಮಜೀದಸಾಬರು ತಾವು ಅಂಡಿಗೆ ಇಳಿಸುತ್ತಿದ್ದ ಕಟ್ಟೆಯನ್ನು ಕೈಯಿಂದ ಸವರಿ, "ಈ ಬಾಗಲದಾಗ ನಾ ಬಗ್ಗಿ ಬಗ್ಗಿ ಒಳಗ ಹೊಕ್ಕಿದ್ದೆ. ನನ್ನ ಬೇಟಿ ಸೀದಾ ನಿಂತು ಹೊಕ್ಕಾಳ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನನ್ನ ತಲೆಯ ಮೇಲೂ ಕೈಯಿಟ್ಟು ಹರಸಿದರು. ಆ ಕೈ ತೆಗೆದರೆ ಸಾಕು ಅನಿಸಿತ್ತು ನನಗೆ.

ಅಂಗಡಿಯಲ್ಲಿ ಹೊಲಿಗೆ ಯಂತ್ರ ಇಡುವಾಗ ನಡುವಿನ ಕಲ್ಲಿನ ಕೆಳಗೆ, ಹೊಸದಾಗಿ ಕೊಂಡ ನನ್ನ ಯಂತ್ರ ಇಟ್ಟುಕೊಂಡೆ. "ಅಲ್ಲಿ ಸೆಕಿ ಭಾಳ ಅಕ್ಕಾ, ಬಾಗಲ ಕಡಿ ಬಾ" ಎಂದು ನಗ್ಮಾ ಎಷ್ಟು ಹೇಳಿದರೂ ಕೇಳಲಿಲ್ಲ. ಬಿದ್ದರೆ ನನ್ನ ಮೇಲೇ ಬೀಳಲಿ ಎಂಬ ಲೆಕ್ಕಾಚಾರ. ಅದನ್ನು ದೊಡ್ಡ ತ್ಯಾಗ ಅಂದುಕೊಂಡಿದ್ದೆ. ನನ್ನ ಸುಳ್ಳಿಗೆ ನಾನೇ ಜಾಮೀನು ನಿಂತ ಹಾಗೆ. ದಿನಾ ಕುಂತ ಕೂಡಲೇ ಒಂದು ಸಲ ಮೇಲೆ ನೋಡುತ್ತಿದ್ದೆ. ಸುಣ್ಣ ಬಳಿದಿದ್ದರು, ಏನೂ ಕಾಣುತ್ತಿರಲಿಲ್ಲ. ಹದಿನೈದು ದಿನಕ್ಕೆ ಹೆದರಿಕೆ ಹಳೆಯದಾಯಿತು. ತಿಂಗಳಿಗೆ ನೋಡುವುದನ್ನೂ ಬಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆ ಒಂದೂವರೆ ತಿಂಗಳು ನನ್ನ ಜೀವನದಲ್ಲಿ ನಾನು ಅತ್ಯಂತ ಸುಖವಾಗಿದ್ದ ದಿನಗಳು. ಮೇಲೆ ಹುಡುಗರು ಓದುವ ಗುಜುಗುಜು, ಅಂಗಳದಲ್ಲಿ ಮೆಂತ್ಯದ ವಾಸನೆ, ಪಕ್ಕದ ಅಂಗಡಿಯಲ್ಲಿ ಖಡಕ್ ರೊಟ್ಟಿ ಬಡಿಯುವ ಸದ್ದು. ಗುರುಲಿಂಗಯ್ಯನವರು ಹೇಳಿದ ಹಾಗೆಯೇ ಊರು ಒಂದು ಕಡೆ ಕೂಡುತ್ತಿತ್ತು.

ಜೂನ್ ಬಂತು. ಶಾಲೆಯ ಯೂನಿಫಾರ್ಮಿನ ಕೆಲಸ ಮೈಮೇಲೆ ಬಿತ್ತು. ವಾಚನಾಲಯಕ್ಕೆ ಯಾರೋ ನಾಲ್ಕು ಕಬ್ಬಿಣದ ಕಪಾಟು ಮತ್ತು ಪುಸ್ತಕ ದಾನ ಕೊಟ್ಟರು. ಅವನ್ನು ಮೇಲೆ ಎಲ್ಲಿ ಇಟ್ಟರು ಎಂದು ನಾನು ಹತ್ತಿ ನೋಡಲಿಲ್ಲ.

ಅವತ್ತು ಮಧ್ಯಾಹ್ನ ಮೂರರ ಸುಮಾರಿಗೆ ನಗ್ಮಾಳ ಯಂತ್ರದ ಬೆಲ್ಟು ಹರಿಯಿತು. ಇನ್ನೂ ಆರು ಅಂಗಿಯ ಕಾಲರ್ ಉಳಿದಿದ್ದವು. ನಾನು ಚಪ್ಪಲಿ ಮೆಟ್ಟಿಕೊಂಡು, "ಬೆಲ್ಟ್ ತರತೀನಿ, ತಡಿ" ಎಂದೆ.

"ನೀ ಬರೂತನಾ ಸುಮ್ಮ ಯಾಕ ಕುಂದರಲಿ? ನಿನ್ನ ಮಿಷಿನ್ ಮ್ಯಾಲ ಹೊಲೀತೀನಿ" ಎಂದಳು.

ನಾನು ಬಾಗಿಲಲ್ಲಿ ನಿಂತೆ. ಬೇಡ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಅವಳು ಆಗಲೇ ನನ್ನ ಕುರ್ಚಿಯಲ್ಲಿ ಕುಂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಇಷ್ಟು ದಿನ ಬೀಳದ್ದು ಈಗ ಹತ್ತು ನಿಮಿಷದಲ್ಲಿ ಬೀಳುತ್ತದೆಯೇ ಎಂದುಕೊಂಡು ಹೊರಟುಹೋದೆ.

ಬೆಲ್ಟು ಕೈಯಲ್ಲಿ ಹಿಡಿದು ತಿರುಗಿ ಬರುವಾಗ ಬೀದಿಯಲ್ಲಿ ಮಂದಿ ಓಡುತ್ತಿದ್ದರು. ಕೋಠಿಯ ಬಾಗಿಲಿಂದ ಧೂಳು ಬರುತ್ತಿತ್ತು. ಇಡೀ ಸೂರು ಬಿದ್ದಿರಲಿಲ್ಲ. ಒಂದೇ ಕಲ್ಲು, ನಡುವಿಂದ ಎರಡಾಗಿ ಮುರಿದು, ಮೇಲಿನ ಕಪಾಟನ್ನೂ ಪುಸ್ತಕಗಳನ್ನೂ ಎಳೆದುಕೊಂಡು ಬಿದ್ದಿತ್ತು. ಮುರಿದ ತುಂಡಿನ ಅಂಚಿನಲ್ಲಿ ಅರ್ಧ ಭಾಗ ಹಳೆಯ ಬಿರುಕು, ಮಣ್ಣು ಕೂತು ಕಪ್ಪಗಾಗಿತ್ತು. ಸುಣ್ಣ ಉದುರಿ ಮಾವನ ದುಂಡು ಗುರುತು ಕಾಣುತ್ತಿತ್ತು. ಎಂಟು ಮಂದಿ ಸೇರಿ ಎತ್ತಿದರು. ನಗ್ಮಾಳ ಕಾಲು ಇನ್ನೂ ಯಂತ್ರದ ಪೆಡಲ್ ಮೇಲೇ ಇತ್ತು. ಕಲಬುರಗಿಗೆ ಒಯ್ಯುವ ದಾರಿಯಲ್ಲಿ ಜೀವ ಹೋಯಿತೆಂದು ಸಂಜೆ ತಿಳಿಯಿತು.

ಪೊಲೀಸರು ಬಂದರು. ಎಂಜಿನಿಯರ್ ಫೋನಿನಲ್ಲೇ, "ಕಲ್ಲು ಪಾಸ್ ಮಾಡಿದವರು ಅಮೃತಪ್ಪನವರು" ಎಂದುಬಿಟ್ಟಿದ್ದ. ಗುರುಲಿಂಗಯ್ಯನವರು ಪಡಸಾಲೆಯ ಮೆಟ್ಟಿಲ ಮೇಲೆ ಕುಂತು ನೆಲ ನೋಡುತ್ತಿದ್ದರು. ಸಬ್‌ಇನ್‌ಸ್ಪೆಕ್ಟರ್ ಏನು ಕೇಳಿದ ಎಂಬುದು ಮಾವನಿಗೆ ಕೇಳಿಸಲೇ ಇಲ್ಲ. ಆದರೆ ಏನು ಕೇಳಿರಬಹುದು ಎಂದು ತಿಳಿಯಲು ಕಿವಿ ಬೇಕಿರಲಿಲ್ಲ.

"ಬಡಿದಾಂವ ನಾ. ಗುರುತ ಹಾಕಿದಾಂವ ನಾ. ನನ್ನ ಕಿವಿ ತಪ್ತು" ಎಂದರು.

ನನ್ನ ಕಡೆ ನೋಡಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ನನ್ನ ಕಡೆ ನೋಡದೆ ಒಂದು ತೀರ್ಪು ಕೊಟ್ಟರು. ನಾಳೆ ಠಾಣೆಗೆ ಬಂದು ಬರೆಸಬೇಕು ಎಂದು ಹೇಳಿ ಪೊಲೀಸರು ಹೋದರು. ಮನೆಗೆ ಬಂದ ಮೇಲೂ ಮಾವ ಏನೂ ಕೇಳಲಿಲ್ಲ. ಕೈಸನ್ನೆಯಲ್ಲಾದರೂ ಕೇಳಬಹುದಿತ್ತು. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಆಗಾಗ ಅನಿಸುತ್ತದೆ. ಸುಳ್ಳು, ಹೇಳುತ್ತಿರಲಿಲ್ಲ.

ಮರುದಿನ ಮುಂಜಾನೆ ಅಂಗಳ ಗುಡಿಸುತ್ತಿದ್ದಾಗ ಮನೆಯ ಮುಂದೆ ಒಂದು ಟಂಟಂ ಗಾಡಿ ಬಂದು ನಿಂತಿತು. ಇಳಿದವರು ಮಜೀದಸಾಬರು. ಯಾರನ್ನಾದರೂ ಕಳಿಸಬಹುದಿತ್ತು. ತಾವೇ ಬಂದಿದ್ದರು. ಒಂದೇ ರಾತ್ರಿಯಲ್ಲಿ ಬೆನ್ನು ಇನ್ನೂ ಬಾಗಿತ್ತು. ಮಾವ ಎದ್ದು ನಿಂತರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದರೆ ಒಳ್ಳೆಯದಿತ್ತು.

"ಅಮೃತಪ್ಪಣ್ಣ, ಕಲ್ಲು ಬೇಕಾಗ್ಯಾವ. ಆರು" ಎಂದರು. ಆರು ಬೆರಳು ತೋರಿಸಿದರು.

ಮಾವ ಎರಡೂ ಕೈ ಮುಗಿದರು. "ಮಜೀದ, ನನ್ನ ಕಿವಿ ತಪ್ತಪ್ಪಾ. ಬ್ಯಾರೆ ಯಾರ ಕಡಿಂದರ ಆರಸ್ಕೋ" ಎಂದು ಅತ್ತುಬಿಟ್ಟರು.

"ಬ್ಯಾರೆ ಯಾರು ಇದ್ದಾರ? ನಮ್ಮ ಬೀಬಿ ಹೋದಾಗನೂ ನೀನೇ ಕೊಟ್ಟಿದ್ದಿ. ನಮ್ಮ ಅಬ್ಬಾಗೂ ನೀನೇ ಕೊಟ್ಟಿದ್ದಿ. ಒಂದ ಸಲ ತಪ್ಪಿತು ಅಂತ ನಲವತ್ತ ವರ್ಷ ಸುಳ್ಳ ಆಗತದೇನು? ಮ್ಯಾಲಿನಾಂವನ ಮರ್ಜಿ. ಬಡಿ, ಹೊತ್ತಾಗಾಕತ್ತದ" ಎಂದು ಮಾವನ ಕೈಗೆ ಸುತ್ತಿಗೆ ತಾವೇ ಎತ್ತಿಕೊಟ್ಟರು.

ಗೋಡೆಗೆ ಆನಿಸಿ ನಿಲ್ಲಿಸಿದ್ದ ಕಲ್ಲುಗಳ ಮುಂದೆ ಮಾವ ಕುಂತರು. ನಾನು ರೂಢಿಯಂತೆ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತೆ. ಮೊದಲನೆಯ ಕಲ್ಲು ಖಣ್ ಎಂದಿತು. ಬೀದಿಯ ಕೊನೆಗೂ ಕೇಳುವ ಹಾಗೆ. ಮಾವ ನನ್ನ ಕಡೆ ನೋಡಿದರು. ನನ್ನ ಕೈ ಸೆರಗಿಗೆ ಏಳಲಿಲ್ಲ. ಏಳಿಸಲು ನೋಡಿದೆ, ಆಗಲಿಲ್ಲ. ಅದೇ ಕೈಯಿಂದ, ಅದೇ ಸೆರಗಿನಿಂದ ಇನ್ನೊಮ್ಮೆ ಹೇಗೆ ಹೇಳಲಿ?

ಮಾವ ಆ ಕಲ್ಲಿಗೆ ಕತ್ತರಿ ಗುರುತು ಹಾಕಿದರು. ಎರಡನೆಯದೂ ಖಣ್ ಎಂದಿತು. ಕತ್ತರಿ ಗುರುತು. ಮೂರನೆಯದು. ನಾಲ್ಕನೆಯದು. ಮಜೀದಸಾಬರು ಕಲ್ಲುಗಳನ್ನೂ ಮಾವನನ್ನೂ ಮಿಕಿಮಿಕಿ ನೋಡಿದರು.

"ಇದೇನಣ್ಣಾ? ನನ್ನಂಥಾ ಹಮಾಲಗನೂ ತಿಳೀತದ, ಇವೆಲ್ಲಾ ಖಣಖಣ ಅನ್ನಾಕತ್ತಾವ. ಕತ್ತರಿ ಯಾಕ ಹಾಕ್ಲಾಕತ್ತಿ?"

ಮಾವನಿಗೆ ಅವರು ಹಿಂದಿನಿಂದ ಮಾತಾಡುತ್ತಿದ್ದಾರೆಂದೇ ತಿಳಿಯಲಿಲ್ಲ. ಐದನೆಯ ಕಲ್ಲು ಬಡಿದು ನನ್ನ ಕಡೆ ನೋಡಿದರು. ಕಣ್ಣಲ್ಲಿ ಬೇಡಿಕೊಳ್ಳುತ್ತಿದ್ದರು.

ನಾನು ತಂಬಿಗೆ ಕೆಳಗಿಟ್ಟೆ.

"ಕಾಕಾ, ಕಲ್ಲು ಎಲ್ಲಾ ಚೊಲೊ ಅವ. ಮಾವಾರಿಗಿ ಕಿವಿ ಕೇಳಂಗಿಲ್ಲ. ಒಂಬತ್ತ ವರ್ಷಾತು. ಅವರು ಬಡೀತಾರ, ನಾ ಕೇಳತೀನಿ. ಸೆರಗು ಎಳಕೊಂಡ್ರ ಚೊಲೊ ಅಂತ. ಏಳನೇ ಅಂಗಡಿ ಕಲ್ಲೂ ನಾನೇ ಕೇಳಿದ್ದೆ." ಅಲ್ಲಿಗೆ ನಿಲ್ಲಿಸಲಿಲ್ಲ. "ಅದು ಕೆಟ್ಟದ ಅಂತ ನಂಗ ಕೇಳಿತ್ತು. ಅಂಗಡಿ ಹೋಗತದ ಅಂತ ಸೆರಗು ಎಳಕೊಂಡೆ. ಮಾವಾರದು ತಪ್ಪಿಲ್ಲ."

ಮಜೀದಸಾಬರು ನನ್ನನ್ನೇ ನೋಡುತ್ತ ನಿಂತರು. ಟಂಟಂ ಚಾಲಕ ಒಮ್ಮೆ ಹಾರ್ನ್ ಹೊಡೆದ. ಮಾವ ನಮ್ಮಿಬ್ಬರ ಮುಖವನ್ನು ಬದಲಿಸಿ ಬದಲಿಸಿ ನೋಡುತ್ತಿದ್ದರು.

"ಅಕಿ ನಿನಗ ಅಕ್ಕಾ ಅಂತಿದ್ದಳು" ಎಂದರು ಮಜೀದಸಾಬರು. ಅಷ್ಟೇ ಅಂದರು. ಆಮೇಲೆ ಮಾವನ ಕೈಯಿಂದ ಸುತ್ತಿಗೆ ತೆಗೆದು ನನ್ನ ಮುಂದೆ ಹಿಡಿದರು. "ಬಡಿ."

ನಾನು ಮೊದಲನೆಯ ಕಲ್ಲು ಬಡಿದೆ. "ಚೊಲೊ ಅದರಿ ಕಾಕಾ."

ಅವರು ಆ ಕಲ್ಲನ್ನು ಒಬ್ಬರೇ ಬೆನ್ನ ಮೇಲೆ ಎತ್ತಿಕೊಂಡು ಬಂದು, ಅಂಗಳದ ಎರಡು ಗುಂಡುಕಲ್ಲುಗಳ ಮೇಲೆ ಗೋರಿಗೆ ಇಡುವ ಹಾಗೆ ಅಡ್ಡ ಇಟ್ಟರು. ಚಪ್ಪಲಿ ಕಳಚಿದರು. ಗೋಡೆ ಹಿಡಿದು ಅದರ ಮೇಲೆ ಹತ್ತಿ, ನಡುಮಧ್ಯದಲ್ಲಿ, ಗೋಡೆಯ ಕೈ ಬಿಟ್ಟು, ಮೈಯ ಭಾರವನ್ನೆಲ್ಲ ಬಿಟ್ಟು ನಿಂತರು. ಒಮ್ಮೆ ಹಿಮ್ಮಡಿ ಎತ್ತಿ ಕುಕ್ಕಿದರು. ಮತ್ತೊಮ್ಮೆ ಕುಕ್ಕಿದರು.

ನಮ್ಮ ಅಂಗಳದಲ್ಲಿ ಬಡಿದು ಒಳ್ಳೆಯದೆಂದು ಹೇಳಿದ ಕಲ್ಲಿನ ಮೇಲೆ ನಲವತ್ತು ವರ್ಷದಲ್ಲಿ ಒಬ್ಬರೂ ಹಾಗೆ ಹತ್ತಿ ನೋಡಿರಲಿಲ್ಲ. ಮಾವನಿಗೆ ನನ್ನ ಮಾತು ಕೇಳಿರಲಿಲ್ಲ, ಇದು ಕಂಡಿತು. ಗೋಡೆಗೆ ಒರಗಿ ಮೆಲ್ಲಗೆ ನೆಲಕ್ಕೆ ಕುಸಿದು ಕುಂತರು.

ಮಜೀದಸಾಬರು ಕಲ್ಲಿನಿಂದ ಇಳಿದು, ಮುಂದಿನದನ್ನು ಬಡಿ ಎಂದರು.